ಕಂಠೆಪ್ಪ ಹೇಳಿದ ನಾತಾಳದ ಸಿನಿಮಾ

ಹೆಗಲ ಕೆಳಗೆ ಕೈಕೊಟ್ಟು ಎತ್ತಿ, ಕಾಲು ಮಡಚಿ, ಗೋಡೆಗೆ ಆನಿಸಿ ಕೂರಿಸುವಷ್ಟರಲ್ಲಿ ಕಂಠೆಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು.

"ಹಣಿಗೊಂದು ಅರಿವಿ ಕಟ್ಟಿ ಮೊಳಿಗೆ ಬಿಗೀರಿ," ಎಂದ ಗಣಪ್ಪ. "ತಡಾ ಮಾಡಿದ್ರ ಮೈ ಸೆಟದು ಹೋಗ್ತೈತಿ. ಆಮ್ಯಾಲೆ ಕಾಲು ಮಡಚಾಕ ಬರೂದಿಲ್ಲ."

ಗಣಪ್ಪ ಗೋವೆಯ ಕೊರ್ಲಿಮ್‌ನ ಕಟ್ಟಡ ಕೆಲಸದಲ್ಲಿ ಮೇಸ್ತ್ರಿ. ಕಂಠೆಪ್ಪ ಕಲಸಿಕೊಟ್ಟ ಗಾರೆಯನ್ನು ಹದಿನೆಂಟು ವರ್ಷ ಗೋಡೆಗೆ ಮೆತ್ತಿದವನು. ಈಗ ಅದೇ ಕಂಠೆಪ್ಪನನ್ನು ನೆಟ್ಟಗೆ ಕೂರಿಸಲು ಒದ್ದಾಡುತ್ತಿದ್ದ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ವಿಭೂತಿ ಬಳಿದು ಕೂರಿಸುತ್ತಾರೆ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಮಗ ಪರಶು ಒಂದು ತೋಳು ಹಿಡಿದಿದ್ದ. ಮಗಳು ಶೈಲಾ ಒದ್ದೆ ಬಟ್ಟೆಯಿಂದ ಅಪ್ಪನ ಉಗುರಿನ ಸಂದಿಯ ಸಿಮೆಂಟು ತೆಗೆಯುತ್ತಿದ್ದಳು. ಎಷ್ಟು ಉಜ್ಜಿದರೂ ಅದು ಪೂರ್ತಿ ಹೋಗಲಿಲ್ಲ.

ಚಾಳಿನ ಆ ಖೋಲಿಯಲ್ಲಿ ಒಂದು ಗೋಡೆಗೆ ಒಲೆ, ಪಾತ್ರೆ, ಒಂದಕ್ಕೆ ಬಾಗಿಲು, ಒಂದಕ್ಕೆ ಟಿ.ವಿ. ಉಳಿದದ್ದು ಟಿ.ವಿ.ಯ ಎದುರಿನ ಗೋಡೆ ಮಾತ್ರ. ಹೀಗಾಗಿ, ಯಾರೂ ಹಾಗಂದುಕೊಂಡು ಮಾಡದಿದ್ದರೂ, ಕಂಠೆಪ್ಪ ಟಿ.ವಿ.ಗೆ ಸರಿಯಾಗಿ ಮುಖ ಮಾಡಿ ಕೂತ. ವರ್ಷದ ಬೇರೆ ಯಾವ ದಿನವಾಗಿದ್ದರೂ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಇವತ್ತು ನಾತಾಳ, ಕ್ರಿಸ್‌ಮಸ್ ಹಬ್ಬ.

ಅದನ್ನು ಮೊದಲು ಕಂಡವನು ಪರಶು. ಡಿಚೋಲಿಯ ಕಡೆ ಲಾರಿ ಓಡಿಸುವ, ಮಾತು ಕಡಿಮೆಯ ಮನುಷ್ಯ. ಅಪ್ಪನನ್ನು ನೋಡಿದ, ಟಿ.ವಿ. ನೋಡಿದ, ಕೊನೆಗೆ ತಂಗಿಯನ್ನು ನೋಡಿದ.

"ಇವತ್ತರ ಅಪ್ಪ ತನಗ ತಿಳಿದಂಗ ಹೇಳ್ಲಿ ಬಿಡು," ಎಂದ. "ತಿದ್ದಾಕ ಯಾರೂ ಹೋಗೂದಿಲ್ಲ."

ಶೈಲಾ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದಳು. ಆ ಮಾತು ತಾಗಬೇಕಾದ ಜಾಗಕ್ಕೇ ತಾಗಿತ್ತು. ಹತ್ತು ವರ್ಷದಿಂದ ಅಣ್ಣ ಅದನ್ನು ಬಾಯಲ್ಲಿ ಹಿಡಿದುಕೊಂಡಿದ್ದ ಅಂತ ಅವಳಿಗೂ ಗೊತ್ತಿತ್ತು.

"ಡಿಚೋಲಿಗೆ ಹೋಗಿ ಲಾರಿ ತರ್ತೇನಿ. ಕುಣಿ ತಗ್ಯಾಕ ಹೇಳೇನಿ. ಹೊತ್ತು ಮುಳುಗೂದ್ರೊಳಗ ಮಣ್ಣಾಗಬೇಕು, ಗೊತ್ತಿರ್ಲಿ," ಎಂದು ಗಣಪ್ಪನಿಗೆ ಹೇಳಿ ಪರಶು ಹೊರಟುಹೋದ. ಡಿಚೋಲಿಯ ಆಚೆ ಗಣಿ ಮುಗಿದ ಗುಡ್ಡದ ಬುಡದಲ್ಲಿ ಲಿಂಗಾಯತ ಸಂಘದವರು ತಮ್ಮವರಿಗಾಗಿ ಒಂದು ತುಂಡು ಜಾಗ ಮಾಡಿಕೊಂಡಿದ್ದರು. ಕಂಠೆಪ್ಪನ ಪಯಣ ಅಲ್ಲಿಗೆ.

* * *

ಬೇರೆಯವರಿಗೆ ಯುಗಾದಿ ಇದ್ದ ಹಾಗೆ ಆ ಮನೆಗೆ ನಾತಾಳ ಇತ್ತು. ಕಂಠೆಪ್ಪನೇನು ಇಗರ್ಜಿಯ ಮೆಟ್ಟಿಲು ಹತ್ತಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ತಂಬಾಕು. ಆದರೆ ಯುಗಾದಿಗೆ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಿದ್ದ ಗುತ್ತಿಗೆದಾರ ನಾತಾಳಕ್ಕೆ ಕೇಳದೆಯೇ ಎರಡು ದಿನ ಕೆಲಸ ನಿಲ್ಲಿಸುತ್ತಿದ್ದ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹಗಲು ಹೊತ್ತಿನಲ್ಲಿ ಒಂದೇ ಸೂರಿನ ಕೆಳಗೆ ಕೂತದ್ದು ಎಂದರೆ ಆ ಎರಡು ದಿನ. ಹಬ್ಬ ಎನ್ನಲು ಇನ್ನೇನು ಬೇಕು?

ಹೆಂಡತಿ ಶಿವವ್ವ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ಚುರುಮುರಿಗೆ ಒಗ್ಗರಣೆ ಬೀಳುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಟಿ.ವಿ.ಯಲ್ಲಿ ಇಂಗ್ಲಿಷ್ ಸಿನಿಮಾ ಶುರು. ಬೆಳ್ಳಗಿನ ಊರುಗಳು, ಬೆಳ್ಳಗಿನ ಮನೆಗಳು, ಕಿಟಕಿಗೆ ಮೂಗು ಒತ್ತಿದ ಬೆಳ್ಳಗಿನ ಮಕ್ಕಳು. ಅವರ ಮಾತು ಒಂದಕ್ಷರವೂ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಠೆಪ್ಪನಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಅದನ್ನು ಒಪ್ಪಿಕೊಂಡವನಲ್ಲ.

"ಅಗಾ, ಮ್ಯಾಲೆ ಯಾರೋ ಕುಂತು ಅರಳಿ ಹಿಂಜಾಕತ್ತಾರ ನೋಡು," ಎಂದು ಹತ್ತಿಯಂತೆ ಉದುರುವ ಹಿಮ ತೋರಿಸುತ್ತಿದ್ದ. ಕೆಂಪಂಗಿ ತೊಟ್ಟ ಗಡ್ಡದ ಮುದುಕ ಬಂದರೆ, "ಇಂವ ಅವರ ಊರಿನ ಅಯ್ಯ. ನಮ್ಮ ಅಯ್ಯಗೋಳು ಜೋಳಿಗಿ ತುಂಬಿಸ್ಕೊಂಡು ಹೋದ್ರ ಇಂವ ಬರಿದು ಮಾಡಿ ಹೋಗ್ತಾನ," ಎನ್ನುತ್ತಿದ್ದ. ಶಿವವ್ವ ಭಜಿಯ ಕೈಯಲ್ಲೇ ಆ ಅಯ್ಯನಿಗೆ ಕೈಮುಗಿಯುತ್ತಿದ್ದಳು. ಚಾಳಿನ ಅಕ್ಕಪಕ್ಕದವರೂ ಬಂದು ಹೊಸ್ತಿಲವರೆಗೆ ತುಂಬುತ್ತಿದ್ದರು. ಅವರ ಖೋಲಿಗಳಲ್ಲೂ ಟಿ.ವಿ. ಇತ್ತು. ಅವುಗಳಲ್ಲಿ ಕಂಠೆಪ್ಪ ಇರಲಿಲ್ಲ.

ಎಲ್ಲರಿಗೂ ಮೆಚ್ಚಿನದು ಒಂದು ರೈಲಿನ ಸಿನಿಮಾ. ಪ್ರತಿ ನಾತಾಳಕ್ಕೂ ತಪ್ಪದೆ ಬರುತ್ತಿತ್ತು. ಗುಡ್ಡದ ನಡುವೆ ಹಿಮ ಬಿದ್ದು ರೈಲು ನಿಲ್ಲುತ್ತದೆ. ಒಳಗೆ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು, ಯಾರ ಜೊತೆಗೂ ಮಾತಾಡದೆ ಕೂತ ಒಬ್ಬ ಮುದುಕ. ಕಂಠೆಪ್ಪ ಅವನಿಗೆ ರುದ್ರಗೌಡ ಎಂದು ಹೆಸರಿಟ್ಟಿದ್ದ. ರುದ್ರಗೌಡನ ಮಗಳು ದೂರದ ಊರಲ್ಲಿ ಹಡೆದಿದ್ದಾಳೆ; ಪೆಟ್ಟಿಗೆಯಲ್ಲಿರುವುದು ಅವಳಿಗೆಂದು ಮಾಡಿಸಿದ ಶೇಂಗಾ ಹೋಳಿಗೆ. ರೈಲು ನಿಂತಿದೆ, ಜನ ಹಸಿದಿದ್ದಾರೆ, ಮುದುಕ ಪೆಟ್ಟಿಗೆ ಬಿಚ್ಚಲೋ ಬೇಡವೋ ಎಂದು ಸಂಕಟಪಡುತ್ತಾನೆ. ಪರಶು ಪ್ರತಿ ವರ್ಷವೂ ಉಗುರು ಕಚ್ಚುತ್ತಿದ್ದ. ಸಣ್ಣ ಶೈಲಾ ಅಪ್ಪನ ಮಡಿಲಲ್ಲಿ ಕೂತು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಹೋಳಿಗೆಯ ವಾಸನೆ ಅವಳ ಮೂಗಿಗೆ ನಿಜವಾಗಿ ಬರುತ್ತಿತ್ತು.

* * *

ಮಧ್ಯಾಹ್ನ ಏರಿತು. ದೂರದಲ್ಲಿ ಹಳೇ ಗೋವೆಯ ಇಗರ್ಜಿಗಳ ಗಂಟೆಗಳು ಬಿಟ್ಟುಬಿಟ್ಟು ಕೇಳುತ್ತಿದ್ದವು. ಖೋಲಿಯಲ್ಲಿ ಊದುಬತ್ತಿಯ ಹೊಗೆ ಬಿಸಿಲಿನ ಕೋಲಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಶೈಲಾ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಪಣಜಿಯ ಹೋಟೆಲಿನ ಸ್ವಾಗತ ಕಟ್ಟೆಯಲ್ಲಿ ಅವಳದು ಕೆಲಸ; ವಾಸವೂ ಅಲ್ಲೇ, ಮನೆಗೆ ಬರುವುದು ಭಾನುವಾರ ಮಾತ್ರ. ಹಬ್ಬದ ಮರಕ್ಕೆ ಹತ್ತಿ ಹರಡುತ್ತಿದ್ದಾಗಲೇ ಬೆಳಗಿನ ಜಾವ ಮನೆಯಿಂದ ಫೋನು ಬಂದಿತ್ತು. ನೀರು ಕುಡಿಯಲು ಎದ್ದ ಅಪ್ಪ ಲೋಟ ಹಿಡಿದು ಕೂತವನು ಹಾಗೇ ಹೋಗಿದ್ದ. ಅವಳ ತೋಳಿನ ಮೇಲೆ ಇನ್ನೂ ಒಂದೆರಡು ಎಳೆ ಹತ್ತಿ ಅಂಟಿತ್ತು. ಹೊಗೆ, ಹತ್ತಿ, ನಿದ್ದೆ ಎಲ್ಲ ಕಲೆತು, ಖೋಲಿಯೊಳಗೆ ಸದ್ದಿಲ್ಲದೆ ಹಿಮ ಬೀಳುತ್ತಿದೆಯೇನೋ, ಅಪ್ಪನ ಭುಜದ ಮೇಲೂ ಕೂರುತ್ತಿದೆಯೇನೋ ಅನ್ನಿಸುತ್ತಿತ್ತು. ಕಣ್ಣುಜ್ಜಿಕೊಂಡರೆ ಅದು ವಿಭೂತಿ.

ಹೊರಗೆ ಗಣಪ್ಪನ ಕಡೆಯವರು ವಿಮಾನ ಕಟ್ಟುತ್ತಿದ್ದರು. ಕೂತ ಹೆಣವನ್ನು ಒಯ್ಯುವ ಬಿದಿರಿನ ಮಂಟಪ. ಬಿದಿರೇನೋ ಸಿಕ್ಕಿತು, ಹೂವು ಸಿಗಲಿಲ್ಲ. ನಾತಾಳದ ದಿನ ಪೇಟೆ ಬಾಗಿಲು ಹಾಕಿತ್ತು. ಕೊನೆಗೆ ಚಾಳಿನ ಹೆಂಗಸರು ತಮ್ಮ ತಮ್ಮ ಬಾಗಿಲಿಗೆ ಕಟ್ಟಿದ್ದ ಕಾಗದದ ನಕ್ಷತ್ರಗಳನ್ನೂ ಬೆಳ್ಳಿಯ ಜರಿಮಾಲೆಗಳನ್ನೂ ಬಿಚ್ಚಿ ತಂದುಕೊಟ್ಟರು. ಗೋವೆಯಲ್ಲಿ ಇಷ್ಟು ವರ್ಷ ಬದುಕಿದವರ ಬಾಗಿಲಲ್ಲಿ ಡಿಸೆಂಬರಿನಲ್ಲಿ ನಕ್ಷತ್ರ ತೂಗದಿದ್ದರೆ ಅವರಿಗೇ ಕಸಿವಿಸಿ.

"ಇದು ನಡೀತೈತೇನ್ರಿ ಅಯ್ಯನವರ?" ಎಂದು ಗಣಪ್ಪ ಅಳುಕುತ್ತ ಕೇಳಿದ.

ಕ್ರಿಯೆ ಮಾಡಿಸಲು ಬಂದಿದ್ದ ಮುದಿ ಅಯ್ಯನವರು ನಕ್ಷತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. "ಶಿವ ಏನು ಚುಕ್ಕಿ ಕಂಡಿಲ್ಲೇನು? ಕಟ್ರಿ," ಎಂದರು.

ಶಿವವ್ವ ಗಂಡನ ಪಕ್ಕ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಗಂಡ ನೋಡುತ್ತಿದ್ದ ಕಡೆಗೇ ಅವಳೂ ನೋಡುತ್ತಿದ್ದಳು. ಶೈಲಾಳಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ಒಂದು ದುಪ್ಪಟ್ಟಿಯಿಂದ ಟಿ.ವಿ. ಮುಚ್ಚಿದಳು. ಮುಚ್ಚಿದ ಮೇಲೆ ಅದು ಇನ್ನೂ ಎದ್ದು ಕಾಣತೊಡಗಿತು.

* * *

ಹತ್ತು ವರ್ಷದ ಹಿಂದೆ ಶೈಲಾಳಿಗೆ ಹದಿನೇಳು. ಕಾನ್ವೆಂಟಿನಲ್ಲಿ ಹನ್ನೆರಡನೇ ತರಗತಿ. ಇಂಗ್ಲಿಷು ಹೊಸದಾಗಿ ನಾಲಿಗೆಗೆ ಕೂತಿತ್ತು. ಹೊಸ ಚಪ್ಪಲಿ ಹಾಕಿದವರಿಗೆ ಸುಮ್ಮನೆ ಓಡಾಡಬೇಕು ಅನ್ನಿಸುವಂತೆ ಅವಳಿಗೂ ಅದನ್ನು ಎಲ್ಲಾದರೂ ಆಡಿ ತೋರಿಸಬೇಕೆಂಬ ಚಪಲ. ಆ ನಾತಾಳಕ್ಕೆ ಶಾಲೆಯ ಗೆಳತಿಯೊಬ್ಬಳು ಜೊತೆಗೆ ಬಂದಿದ್ದಳು. ಹೊಸ್ತಿಲವರೆಗೆ ಜನ. ರೈಲು ನಿಂತಿತ್ತು. ಕಂಠೆಪ್ಪ ರುದ್ರಗೌಡನ ಸಂಕಟವನ್ನು ಬಣ್ಣಿಸುತ್ತಿದ್ದ. ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆ ನಗುವಿಗೆ ಶೈಲಾಳ ಕಿವಿ ಬಿಸಿಯಾಯಿತು.

"ಅಪ್ಪಾ, ಸಾಕು ಮಾಡು. ಬರೇ ಸುಳ್ಳು ಹೇಳ್ತಿ," ಎಂದಳು. "ಅದು ಹೋಳಿಗಿ ಅಲ್ಲ, ಕಾಗದ. ಆತ ರೈಲು ಕಂಪನಿ ಮಾಲೀಕ. ಈ ರೈಲು ಬಂದ್ ಮಾಡಬೇಕಂತ ವೇಷಾ ಹಾಕ್ಕೊಂಡು ನೋಡಾಕ ಬಂದಾನ. ಕಡೀಕ ಕಾಗದ ಹರದು ಒಗೀತಾನ. ಅಷ್ಟ ಕತಿ. ಅವಗ ಮಗಳೇ ಇಲ್ಲ."

ಹೊಸ್ತಿಲ ಬಳಿ ಕೂತವರು ಭಜಿ ಕೆಳಗಿಟ್ಟು ಕಂಠೆಪ್ಪನ ಕಡೆ ತಿರುಗಿದರು.

"ಮಗಳೇ ಇಲ್ಲೇನು?" ಎಂದ ಕಂಠೆಪ್ಪ.

"ಇಲ್ಲ."

"ಹೌದೇನವಾ," ಎಂದು ಅವನು ನಕ್ಕ. ಸಿಟ್ಟಿನ ನಗುವಲ್ಲ, ದಾರಿ ತಪ್ಪಿ ಬೇರೆ ಬಸ್ಸು ಹತ್ತಿದವರು ಇಳಿಯುವಾಗ ನಗುತ್ತಾರಲ್ಲ, ಅಂಥದ್ದು. ಆಮೇಲೆ ಸಿನಿಮಾ ಮುಗಿಯುವವರೆಗೆ ಸುಮ್ಮನೆ ಕೂತ. ಮುಂದಿನ ವರ್ಷವೂ ಸುಮ್ಮನೆ ಕೂತ. ಅದರಾಚೆಯ ವರ್ಷ, "ನೀನ ಬಿಡಿಸಿ ಹೇಳವಾ, ನಿನಗ ತಿಳೀತೈತಿ," ಎಂದು ಕೇಳಿದ. ಅವಳು ಫೋನಿನಿಂದ ತಲೆ ಎತ್ತದೆ, "ಹಿಂದಿಯೊಳಗ ಹಚ್ಚೇನಲ್ಲಪಾ, ನೋಡು," ಎಂದಿದ್ದಳು. ಅವನು ನೋಡಿದ. ಹೊಸ್ತಿಲವರೆಗೆ ಬರುತ್ತಿದ್ದ ಜನ ಬರುವುದು ಬಿಟ್ಟರು. ತಪ್ಪು ಮಾಡಿದೆನೆಂದು ಅವಳಿಗೆ ಅರಿವಾಗಲು ವರ್ಷಗಳೇ ಹಿಡಿದವು. ಅರಿವಾದ ಮೇಲೆ ಹೇಳಲು ನಾಚಿಕೆ ಬಿಡಲಿಲ್ಲ. ಈ ನಾತಾಳಕ್ಕೆ ಕೇಳಿಯೇಬಿಡಬೇಕು, ಅಪ್ಪಾ ಆ ರೈಲಿನ ಕತೆ ಹೇಳು ಎನ್ನಬೇಕು ಎಂದು ಅವಳು ನಿಜವಾಗಿಯೂ ಅಂದುಕೊಂಡಿದ್ದಳು. ಅವಳ ರಜೆ ಮಂಜೂರಾಗಿದ್ದದ್ದು ಇವತ್ತು ಮಧ್ಯಾಹ್ನದಿಂದ.

* * *

ಎರಡೂವರೆಯ ಹೊತ್ತಿಗೆ ಕಟ್ಟಡ ಕೆಲಸದವರು ಬಂದರು. ಹದಿನೈದಿಪ್ಪತ್ತು ಜನ. ಮುಂದೆ ಲಾಲಬಿ, ತಲೆಯ ಮೇಲೆ ಇಟ್ಟಿಗೆ ಹೊತ್ತು ನಾಲ್ಕು ಮಹಡಿ ಹತ್ತುವ ಗಟ್ಟಿ ಹೆಂಗಸು. ಕಂಠೆಪ್ಪನ ಮುಂದೆ ಕುಕ್ಕರಿಸಿ ಕೂತವಳೇ ಗೊಳೋ ಎಂದಳು.

"ಅಣ್ಣಾ, ಹಿಂಗ ನಡುವ ಬಿಟ್ಟು ಹೋಗೂದೇನು? ಮುದುಕನ್ನ ಹಿಮದಾಗ ನಿಲ್ಲಿಸಿ ಹೋದ್ಯಲ್ಲೋ!"

ಶೈಲಾ ತಲೆ ಎತ್ತಿದಳು. "ಯಾವ ಮುದುಕ?"

"ರುದ್ರಗೌಡ ಅಲ್ಲೇನ ಬೇ," ಎಂದಳು ಲಾಲಬಿ, ಅದೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ. "ಮೊನ್ನೆ ರೊಟ್ಟಿ ತಿನ್ನೂವಾಗ ಅಲ್ಲೀತನಾ ಹೇಳಿದ್ದ. ರೈಲು ಏನ್ ಮಾಡಿದ್ರೂ ಹೊಂಡಲಿಲ್ಲ. ಮುದುಕ ಪೆಟಗಿ ಹೆಗಲಿಗೇರಿಸ್ಕೊಂಡು ಇಳದ. ನಡಕೋಂತರ ಹೋಗ್ತೇನಿ, ಮಗಳು ಕಾಯಾಕತ್ತಾಳ ಅಂದ. ಅಷ್ಟರಾಗ ರೊಟ್ಟಿ ಹೊತ್ತು ಮುಗೀತು."

ಗಣಪ್ಪ ಮುಖ ಒರೆಸಿಕೊಳ್ಳುತ್ತ ಹೇಳಿದ: "ವರ್ಷಾ ಡಿಸೆಂಬರ್ ಬಂತಂದ್ರ ಮಧ್ಯಾಹ್ನ ಅವಂದ ಕತಿ. ಹತ್ತು ವರ್ಷಾತು. ಅದ ರೈಲು, ಆದ್ರ ಪ್ರತಿ ಸಲಾ ಬ್ಯಾರೆ ದಾರಿ ಹಿಡೀತಿತ್ತು. ಒಮ್ಮೆ ಮುದುಕ ಎಲ್ಲಾರಿಗೂ ಹೋಳಿಗಿ ಹಂಚಿದ. ಒಮ್ಮೆ ಯಾವುದೋ ಕೂಸಿಗೆ ಹೆಸರಿಟ್ಟು ಹೋದ. ಮಗಳ ಮನೀತನಾ ಮಾತ್ರ ಎಂದೂ ಮುಟ್ಟಿದ್ದಿಲ್ಲ. ಈ ವರ್ಷ ಮುಟ್ಟಸ್ತೇನಿ ಅಂದಿದ್ದ."

ಶೈಲಾ ಅಪ್ಪನ ಮುಖ ನೋಡಿದಳು. ಹಾಗಾದರೆ ಅಪ್ಪ ಸುಮ್ಮನಾಗಿರಲಿಲ್ಲ. ಅವಳ ಮುಂದೆ ಮಾತ್ರ ಸುಮ್ಮನಿದ್ದ.

"ಅಪ್ಪಗ ಇಂಗ್ಲಿಷ್ ಬರ್ತಿದ್ದಿಲ್ಲ," ಎಂದಳು ಸಣ್ಣ ದನಿಯಲ್ಲಿ. "ನಿಮಗ ಗೊತ್ತಿತ್ತೋ ಇಲ್ಲೋ."

"ಅವಗೆಲ್ಲಿ ಬರಬೇಕು?" ಎಂದಳು ಲಾಲಬಿ. "ಅಂವಾ ಮೊದಲ ಹೇಳಿ ಶುರು ಮಾಡ್ತಿದ್ದ. ನನ್ನ ಮಗಳು ಇಂಗ್ಲಿಷ್ ಕಲ್ತಾಳ, ಐತವಾರ ಬಂದಾಗ ಆಕಿ ಎಲ್ಲಾ ಬಿಡಿಸಿ ಹೇಳ್ತಾಳ, ಅದನ್ನ ನಿಮ್ಮ ಮುಂದ ಇಡ್ತೇನಿ. ಚಲೋ ಇದ್ರ ಆಕಿದು, ತಪ್ಪಿದ್ರ ನಂದು. ಹಿಂಗಂದ ಶುರು ಮಾಡ್ತಿದ್ದ. ನಾವು ಕೇಳಿದ್ದೆಲ್ಲಾ ನಿನ್ನ ಕತಿ ಅಲ್ಲೇನವಾ?"

ಇಪ್ಪತ್ತು ಮುಖಗಳು ಅವಳ ಕಡೆ ತಿರುಗಿದವು. ಅಲ್ಲ ಎನ್ನಬೇಕು. ನಾನು ಒಂದು ದಿನವೂ ಏನೂ ಹೇಳಿಲ್ಲ, ಹೇಳೆಂದು ಕೇಳಿದಾಗಲೂ ಹೇಳಲಿಲ್ಲ, ಅವನ ಬಾಯಿ ಮುಚ್ಚಿಸಿದವಳೇ ನಾನು ಎನ್ನಬೇಕು. ಅವಳು ಬಾಯಿ ತೆರೆದಳು.

"ನಾ..." ಎಂದಳು.

ಆಗ ಶಿವವ್ವ ಆ ದಿನದ ಮೊದಲ ಮಾತಾಡಿದಳು. "ನೀ ಪ್ರತಿ ಐತವಾರ ಪಣಜಿ ಬಸ್ ಹತ್ತಿದ ಮ್ಯಾಲೆ ನಿಮ್ಮಪ್ಪ ನನ್ನ ಮುಂದ ಕುಂತು ಕತಿ ಕೂಡಸ್ತಿದ್ದ. ಹಿಂಗ ಹೇಳಿದ್ರ ಶೈಲಾ ಒಪ್ಪತಾಳೇನಲೇ ಅಂತ ಕೇಳ್ತಿದ್ದ." ಅವಳು ಸೆರಗಿನಿಂದ ಗಂಡನ ಕೆನ್ನೆಗೆ ಅಂಟಿದ ವಿಭೂತಿ ಸರಿಮಾಡಿದಳು. "ಇವರು ಕೇಳಾಕತ್ತಾರ. ಹೇಳವಾ. ಅರ್ಧಾ ಇಟ್ಕೊಂಡು ಹೆಂಗ ಹೋಗ್ತಾನಂವ?"

ಶೈಲಾ ಅತ್ತಳು. ಲಾಲಬಿ ಅವಳ ಬೆನ್ನು ಸವರಿದಳು. ಯಾರೋ ನೀರು ಕೊಟ್ಟರು. ಯಾರೂ ಎದ್ದುಹೋಗಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಸಾವಿನ ಮನೆಯಲ್ಲಿ ಅಳು ಮುಗಿಯಲು ಕಾಯುವುದು ಎಲ್ಲರಿಗೂ ರೂಢಿ.

ನಾಲ್ಕೂವರೆ ದಾಟಿದ ಮೇಲೆ ಹೊರಗೆ ಲಾರಿ ಬಂದು ನಿಂತಿತು. "ಎತ್ರಿ, ಎತ್ರಿ! ದಾರಿ ತುಂಬಾ ಗಾಡಿ ಅದಾವ. ಹೊತ್ತು ಮುಳುಗಿದ್ರ ಕುಣ್ಯಾಗ ಇಳಸಾಕ ಬರೂದಿಲ್ಲ," ಎನ್ನುತ್ತಲೇ ಪರಶು ಒಳಗೆ ಬಂದ.

* * *

ವಿಮಾನವನ್ನು ಲಾರಿಯ ಮೇಲೆ ಏರಿಸಿದರು. ಕಾಗದದ ನಕ್ಷತ್ರಗಳ ಕೆಳಗೆ, ಬೆಳ್ಳಿ ಜರಿಯ ನಡುವೆ, ಕಂಠೆಪ್ಪ ಯಾವುದೋ ದೂರದ ಊರಿನ ಮೆರವಣಿಗೆಗೆ ಹೊರಟವನಂತೆ ಕೂತಿದ್ದ. ಸುತ್ತ ಜನ ಕೂತರು. ಪಕ್ಕದಲ್ಲಿ ಶೈಲಾ, ಲಾರಿ ಕುಲುಕಿದರೆ ಅಪ್ಪ ಜಾರದ ಹಾಗೆ ಅವನ ಬೆನ್ನ ಹಿಂದೆ ತೋಳು ಹಾಕಿಕೊಂಡಳು. ಆ ಮೈ ತಣ್ಣಗಿತ್ತು. ಹಿಮದಲ್ಲಿ ನಡೆದು ಬಂದವರ ಮೈ ಹೀಗೇ ಇರುತ್ತದೆಯೇನೋ ಎನ್ನಿಸಿತು.

ಪರಶು ಲಾರಿಯನ್ನು ಜೋರಾಗಿ ಬಿಟ್ಟ. ಹೆದ್ದಾರಿಯಲ್ಲಿ ಹಬ್ಬದ ಬಟ್ಟೆ ತೊಟ್ಟವರ ಕಾರುಗಳು, ಸ್ಕೂಟರುಗಳು. ಗಾಳಿಗೆ ನಕ್ಷತ್ರಗಳು ಪಟಪಟ ಬಡಿಯುತ್ತಿದ್ದವು.

"ರುದ್ರಗೌಡ ರೈಲು ಇಳದ," ಎಂದಳು ಶೈಲಾ.

"ಇಳದ," ಎಂದಳು ಲಾಲಬಿ ತಕ್ಷಣ. ಎಲ್ಲರೂ ಸರಿದು ಹತ್ತಿರ ಬಂದರು.

"ಇಳದು ನಡದ. ಮ್ಯಾಲಿಂದ ಅರಳಿ ಉದರಾಕತ್ತಿತ್ತು. ದಾರಿ ಕಾಣ್ತಿದ್ದಿಲ್ಲ. ಒಂದು ಊರು ದಾಟಿದ, ಇನ್ನೊಂದು ದಾಟಿದ. ಯಾವ ಊರಾಗೂ ಅವನ ಭಾಷಾ ಯಾರಿಗೂ ತಿಳೀಲಿಲ್ಲ."

"ಜೋರಾಗಿ ಹೇಳವಾ, ಗಾಳಿ ಎಳಕೊಂಡು ಹೋಗಾಕತ್ತೈತಿ," ಎಂದ ಮೂಲೆಯಿಂದ ಗಣಪ್ಪ.

ಅವಳು ದನಿ ಏರಿಸಿದಳು. ಕಣ್ಣ ಮುಂದೆ ಕೊರ್ಲಿಮ್‌ನ ಕಾರ್ಖಾನೆಗಳ ಸಾಲು ಹಿಂದೆ ಸರಿಯುತ್ತಿತ್ತು. ಅದರ ಮೇಲೆಲ್ಲ ಬೆಳ್ಳಗೆ ಏನೋ ಇಳಿಯುತ್ತಿದ್ದುದು ಅವಳಿಗೊಬ್ಬಳಿಗೇ ಕಾಣುತ್ತಿತ್ತೋ, ಕೇಳುವವರಿಗೂ ಕಾಣುತ್ತಿತ್ತೋ.

"ಮಗಳು ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ಲು. ಅಪ್ಪ ಬರೂದು ಆಕಿಗೆ ಗೊತ್ತಿತ್ತು. ಆದ್ರೂ ಎದ್ದು ತಗೀಲಿಲ್ಲ."

"ಯಾಕ? ಸಿಟ್ಟೇನು ಅಪ್ಪನ ಮ್ಯಾಲೆ?" ಎಂದಳು ಲಾಲಬಿ.

"ಸಿಟ್ಟಲ್ಲ. ನಾಚಿಕಿ." ಅವಳು ಉಸಿರು ತೆಗೆದುಕೊಂಡಳು. ಈಗ ಕೂಗಿಯೇ ಹೇಳಬೇಕಿತ್ತು. "ಆಕಿ ದೊಡ್ಡ ಸಾಲಿ ಕಲ್ತಾಕಿ. ಒಂದು ದಿನಾ ನಾಕು ಮಂದಿ ಮುಂದ, ಯಾರೋ ನಕ್ಕರಂತ, ಈ ಮುದುಕಗ ಮಗಳೇ ಇಲ್ಲ ಅಂದುಬಿಟ್ಟಿದ್ಲು. ಅಪ್ಪ ಅದನ್ನ ಕೇಳಿದ್ದ. ಕೇಳಿನೂ ನಕ್ಕಿದ್ದ. ಊರಾಗೆಲ್ಲಾ ನನ್ನ ಮಗಳು ಹಿಂಗ, ನನ್ನ ಮಗಳು ಹಂಗ ಅನಕೋಂತ ತಿರಗಿದ್ದ. ಅಂಥಾ ಅಪ್ಪಗ ಯಾವ ಮಾರಿ ಇಟ್ಕೊಂಡು ಬಾಗಲಾ ತಗೀಬೇಕು?"

ಶಿವವ್ವ ಮಗಳ ಮೊಣಕಾಲ ಮೇಲೆ ಕೈ ಇಟ್ಟಳು.

ಮುಂದೆ ಕ್ಯಾಬಿನ್ನಿನ ಹಿಂದಿನ ಕಿಟಕಿಯ ಗಾಜು ಕಿರ್ರೆಂದು ಸರಿಯಿತು. ಪರಶುವಿನ ಕಿವಿ, ಅರ್ಧ ಕೆನ್ನೆ ಕಂಡಿತು. ಅವನು ತಿರುಗಿ ನೋಡಲಿಲ್ಲ.

"ಆಮ್ಯಾಲೆ?" ಎಂದ.

ಬಾಣಸ್ತಾರಿ ಸೇತುವೆ ಬಂತು. ಕೆಳಗೆ ನೀರು ಕೆಂಪಾಗತೊಡಗಿತ್ತು. ಅಯ್ಯನವರು ಸೂರ್ಯನ ಕಡೆ ನೋಡಿ, ಮತ್ತೆ ಶೈಲಾಳ ಕಡೆ ತಿರುಗಿದರು. ಬೆಳಗಿನಿಂದ ಎಲ್ಲರನ್ನೂ ಅವಸರಪಡಿಸಿದ್ದ ಪರಶು ಗೇರು ಇಳಿಸಿದ, ಮತ್ತೂ ಇಳಿಸಿದ. ಎಂಜಿನ್ನಿನ ಸದ್ದು ತಗ್ಗಿತು, ಗಾಳಿ ತಗ್ಗಿತು. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ನಕ್ಷತ್ರ ಹೊತ್ತ ಲಾರಿ ಸೇತುವೆಯ ಮೇಲೆ ಮನುಷ್ಯ ನಡೆಯುವಷ್ಟೇ ಮೆಲ್ಲಗೆ ಸಾಗಿತು.